ಗೌರಿಯ ಕೋಳಿಗಳಿಗೆ ನಾನು ಹಾಕಿಸಿದ ಕಾಳು

ಗೌರಿಯ ಕೋಳಿಗಳನ್ನು ಕೊಂದವಳು ನಾನು. ವಿಷ ಹಾಕಲಿಲ್ಲ, ಕತ್ತು ಹಿಸುಕಲಿಲ್ಲ, ಬೀದಿನಾಯಿಗಳಿಗೆ ಗೂಡಿನ ಬಾಗಿಲು ತೆಗೆದುಕೊಡಲಿಲ್ಲ. ಕೆಟ್ಟುಹೋದ ಮೊಳಕೆಕಾಳನ್ನು ಮೂಸಿ ನೋಡಿ, ಚೆನ್ನಾಗಿದೆ, ಹಾಕು ಎಂದೆ. ಅವಳು ಹಾಕಿದಳು. ನಾನು ಮಾಡಿದ್ದು ಅಷ್ಟೇ — ಈ ‘ಅಷ್ಟೇ’ಯನ್ನು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಹೊತ್ತುಹೊತ್ತಿಗೆ ಉಂಡಿದ್ದೇನೆ, ಕಣ್ತುಂಬ ನಿದ್ದೆ ಮಾಡಿದ್ದೇನೆ.

ಕೋಳಿ ಸತ್ತಿದ್ದಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ನೀವು ಕೇಳಬಹುದು. ನಮ್ಮ ಮೈಸೂರಿನಲ್ಲಿ ಭಾನುವಾರ ಬೆಳಗಾದರೆ ಎಷ್ಟು ಕೋಳಿಗಳ ಕತೆ ಮುಗಿಯುತ್ತದೋ ಲೆಕ್ಕವಿಲ್ಲ, ನಾನೂ ತಿನ್ನುವವಳೇ. ಕೋಳಿಗಾಗಿ ಕಣ್ಣೀರು ಹಾಕುವ ಮೆತ್ತನೆ ಮನಸ್ಸು ನನ್ನದಲ್ಲ. ಆದರೆ ಆ ಕೋಳಿಗಳ ಜೊತೆಗೆ ನಾನು ಇನ್ನೊಂದನ್ನೂ ಮುಗಿಸಿದೆ. ಒಬ್ಬ ಹೆಂಗಸಿಗೆ ತನ್ನ ಎರಡು ಕೈಗಳ ಮೇಲೆ ಇದ್ದ ನಂಬಿಕೆಯನ್ನು ಮುಗಿಸಿದೆ. ಅದನ್ನು ಹೇಳಲು ಕೋಳಿಗಳಿಂದಲೇ ಶುರುಮಾಡಬೇಕು.

ಗೌರಿ ನನ್ನ ಓರಗಿತ್ತಿ, ನನ್ನ ಮೈದುನ ನಾಗರಾಜನ ಹೆಂಡತಿ. ಕುಂಬಾರಕೊಪ್ಪಲಿನ ಒಂದೇ ಮನೆಯಲ್ಲಿ ಮುಂದಿನ ಭಾಗಕ್ಕೆ ನಾವು, ಹಿಂದಿನ ಭಾಗಕ್ಕೆ ಅವರು. ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕ ಹಾಕಿದ ನೆನಪೇ ಇಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ನಮ್ಮ ಬೀದಿಯಲ್ಲಿ ನನ್ನ ಹೆಸರು ಶಾರದ ಎಂದು ಗೊತ್ತಿದ್ದವರೇ ಕಡಿಮೆ. ಟೀಚರಮ್ಮ ಎಂದರೆ ನಾನು, ಟೀಚರಮ್ಮನ ಮನೆ ಎಂದರೆ ನಮ್ಮ ಮನೆ. ಆ ಹೆಸರು ನನಗೆ ಎಷ್ಟು ಬೇಕಾಗಿತ್ತು ಎನ್ನುವುದು ಅದು ಕೈತಪ್ಪುವವರೆಗೂ ನನಗೇ ತಿಳಿದಿರಲಿಲ್ಲ.

ಕೊರೊನಾ ಎರಡನೆಯ ಸಲ ಬಂದಾಗ ಗಂಡ ಹೆಂಡತಿ ಇಬ್ಬರೂ ಮಲಗಿದರು. ಗೌರಿಗೆ ಜ್ವರ ಬೇಗ ಇಳಿಯಿತು. ನಾಗರಾಜನನ್ನು ಆಸ್ಪತ್ರೆಗೆ ಸೇರಿಸೋಣ ಎಂದರೆ, “ಬೇಡಿ, ಅಲ್ಲಿ ಒಬ್ರೇ ಬಿದ್ದಿರ್ತಾರೆ, ನಾನೇ ನೋಡ್ಕೋತೀನಿ” ಎಂದು ಅವಳೇ ಹಟ ಹಿಡಿದಳು. ಹಬೆ ಕೊಟ್ಟಳು, ಗಂಜಿ ಕುಡಿಸಿದಳು, ಬೆನ್ನು ತಟ್ಟಿದಳು. ಕೊನೆಗೆ ಆಂಬುಲೆನ್ಸು ಬರುವಷ್ಟರಲ್ಲಿ ಅವನ ತಲೆ ಅವಳ ಕೈಯ ಮೇಲೆಯೇ ಇತ್ತು, ಉಸಿರು ಇರಲಿಲ್ಲ. ಆ ಕಾಯಿಲೆ ಅವಳಿಂದ ಇನ್ನೊಂದನ್ನೂ ಕಿತ್ತುಕೊಂಡು ಹೋಯಿತು. ಎಲ್ಲರಿಗೂ ವಾಸನೆ ಮರಳಿ ಬಂತು, ಅವಳಿಗೆ ಬರಲಿಲ್ಲ. ಮಲ್ಲಿಗೆ ಹಿಡಿದರೂ ಅಷ್ಟೇ, ಸೀದ ಹಾಲು ಹಿಡಿದರೂ ಅಷ್ಟೇ.

ತಿಂಗಳುಗಟ್ಟಲೆ ಗೋಡೆ ನೋಡುತ್ತಾ ಕೂತಿದ್ದವಳನ್ನು ಎಬ್ಬಿಸಿದ್ದು ಕೋಳಿಗಳು. ಮದುವೆಯಾಗಿ ಗಂಡನ ಮನೆಯಲ್ಲಿದ್ದ ಅವಳ ಮಗಳು ಕಾವ್ಯ ಎಲ್ಲಿಂದಲೋ ಒಂದು ಜೊತೆ ನಾಟಿ ಕೋಳಿ ತಂದು ಹಿತ್ತಲಲ್ಲಿ ಬಿಟ್ಟಳು. ಬಿಟ್ಟಿದ್ದೇ ತಡ, ಗೌರಿ ಎದ್ದಳು. ಹಳೆಯ ಶೀಟು ಹೊಂದಿಸಿ ಗೂಡು ಕಟ್ಟಿದಳು, ಹೇಟೆಯನ್ನು ಕಾವಿಗೆ ಕೂರಿಸಿದಳು, ಮರಿ ಮಾಡಿಸಿದಳು. ನೋಡನೋಡುತ್ತಿದ್ದಂತೆ ಹಿತ್ತಲ ತುಂಬ ಕೊಕ್‌ಕೊಕ್. ಅಂಗಡಿಯ ಮೇವು ಬೇಡ ಎಂದು ಮೊಳಕೆ ಕಟ್ಟಲು ಕಲಿತಳು. ಜೋಳ, ಗೋಧಿ, ಹುರುಳಿಯನ್ನು ನೆನೆಹಾಕಿ, ನೀರು ಬಸಿದು, ಬಟ್ಟೆ ಹಾಸಿದ ಬಿದಿರಿನ ಮಂಕರಿಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದಳು. ಕೋಳಿಗಳು ಆ ಮೊಳಕೆಗೆ ಮುಗಿಬೀಳುತ್ತಿದ್ದವು. ಮೊಟ್ಟೆ ಒಡೆದರೆ ಒಳಗಿನ ಹಳದಿ ಅರಿಶಿನದ ಬಣ್ಣ.

ಮೊಳಕೆಯಲ್ಲಿ ಒಂದು ಅಪಾಯ ಇದೆ. ಒದ್ದೆ ಕಾಳಿಗೆ ಗಾಳಿ ಆಡದಿದ್ದರೆ ಒಳಗೊಳಗೇ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದನ್ನು ತಿಂದ ಕೋಳಿ ಉಳಿಯುವುದಿಲ್ಲ. ನೋಡಿ ಕಂಡುಹಿಡಿಯೋಣ ಎಂದರೆ ಜೋಳದ ಎಳೆ ಬೇರಿನ ಮೇಲೂ ಬಿಳಿ ನವಿರು ಇರುತ್ತದೆ, ಬೂಷ್ಟೂ ಬಿಳಿಯದೇ. ಮೂಸಿದರೆ ಮಾತ್ರ ತಿಳಿಯುತ್ತದೆ. ಒಳ್ಳೆಯ ಮೊಳಕೆಗೆ ಎಳೆ ಹುಲ್ಲಿನ ವಾಸನೆ, ಕೆಟ್ಟದ್ದಕ್ಕೆ ಹುಳಿ ಮುಗ್ಗಲು ವಾಸನೆ. ಗೌರಿಗೆ ಎರಡೂ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮಂಕರಿಯನ್ನು ನಡುಬಾಗಿಲಿಗೆ ತಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

“ಅಕ್ಕ, ಒಸಿ ಮೂಸ್ ನೋಡ್ಬುಡಿ. ಹಾಕ್ಬೋದಾ?”

ನಾನು ಕಾಫಿ ಲೋಟ ಪಕ್ಕಕ್ಕಿಟ್ಟು, ಪರೀಕ್ಷೆಯ ಪೇಪರು ತಿದ್ದುವವರ ಗತ್ತಿನಲ್ಲಿ ಮೂಸಿ, ಹಾಕು ಎನ್ನುತ್ತಿದ್ದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿರಲಿಲ್ಲ, ಹೋಗಿ ಚೆಲ್ಲಿಬಿಡುತ್ತಿದ್ದಳು. ಮೊದಮೊದಲು ನಾನು ನಿಜವನ್ನೇ ಹೇಳಿದೆ. ಅದು ನನ್ನ ದೊಡ್ಡತನವಲ್ಲ, ಸುಳ್ಳು ಹೇಳಲು ಕಾರಣ ಇನ್ನೂ ಹುಟ್ಟಿರಲಿಲ್ಲ.

ಕಾರಣ ಹುಟ್ಟಿದ್ದು ಒಂದು ಸಂಜೆ, ಗೇಟಿನ ಹತ್ತಿರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಿಂತಿದ್ದ. ಕಂಡ ಕೂಡಲೇ ಗುರುತು ಹಿಡಿದೆ. ಎಷ್ಟು ವರ್ಷವಾದ ಮೇಲೆ ಹುಡುಕಿಕೊಂಡು ಬಂದಿದ್ದಾನಲ್ಲ ಎಂದು ಎದೆಯುಬ್ಬಿ, ಒಳಗೆ ಓಡಿ ಕಾಫಿಗೆ ನೀರಿಟ್ಟೇ ಹೊರಗೆ ಬಂದೆ.

“ಟೀಚರ್! ನೀವೂ ಈ ಮನೇಲೇ ಇರೋದಾ? ಗೊತ್ತೇ ಇರ್ಲಿಲ್ಲ ನೋಡಿ. ಕೋಳಿ ಗೌರಮ್ಮನ ಮನೆ ಯಾವ್ದು ಅಂತ ಕೇಳ್ಕೊಂಡ್ ಬಂದೆ. ನಮ್ಮನೆಯವ್ಳು ಬಸುರಿ, ಅವ್ರ ಹತ್ರ ನಾಟಿ ಮೊಟ್ಟೆ ಸಿಗುತ್ತೆ ಅಂದ್ರು. ಒಂಚೂರು ಕರೀತೀರಾ?”

ಕರೆದೆ. ಕರೆಯದೆ ಏನು ಮಾಡಲಿ? ಅವನು ಮೊಟ್ಟೆ ಕಟ್ಟಿಸಿಕೊಂಡು, ಗೌರಿಯ ಜೊತೆ ನಗುನಗುತ್ತಾ ಮಾತಾಡಿ ಹೋದ. ಒಲೆಯ ಮೇಲೆ ನೀರು ಕುದಿದು ಬತ್ತಿಹೋಗಿತ್ತು. ಆಮೇಲೆ ಕಿವಿಗೊಟ್ಟು ಕೇಳಿದರೆ ಎಲ್ಲರ ಬಾಯಲ್ಲೂ ಅದೇ. ಹಾಲಿನವನಿಗೆ, ಸಿಲಿಂಡರಿನವನಿಗೆ, ಮದುವೆ ಕರೆಯಲು ಬಂದವರಿಗೆ ಎಲ್ಲರಿಗೂ ಇದು ಕೋಳಿ ಗೌರಮ್ಮನ ಮನೆ. ಏಳನೇ ಕ್ಲಾಸು ದಾಟದ ಗೌರಿ — ನೋಡಿ, ಈಗಲೂ ಈ ಮಾತು ಪೆನ್ನಿನ ತುದಿಗೆ ತಾನಾಗಿಯೇ ಬಂತು. ಹೊಡೆದು ಹಾಕುವುದಿಲ್ಲ, ಇರಲಿ. ನಾನು ಎಂಥವಳೆಂದು ನಿಮಗೆ ಕಾಣಬೇಕು.

ಮೊದಲು ಉಲ್ಟಾ ಸುಳ್ಳು ಹೇಳಿದೆ. ಒಂದು ಬೆಳಿಗ್ಗೆ ಹದವಾಗಿ ಮೊಳೆತು ಘಮ್ಮೆನ್ನುತ್ತಿದ್ದ ಕಾಳನ್ನು ಮೂಸಿ ಮುಖ ಸಿಂಡರಿಸಿದೆ. “ಥೂ, ಹುಳಿ ಬಂದಿದೆ ಕಣೆ. ಎಸಿ.” ಅವಳು ಅಷ್ಟನ್ನೂ ಒಯ್ದು, ಕೋಳಿಗಳು ಕೆದಕದ ಹಾಗೆ ಗುಂಡಿ ತೆಗೆದು ಮುಚ್ಚಿದಳು. ಕೈ ತೊಳೆದುಕೊಂಡು ಬಂದು, “ನೀವಿಲ್ದಿದ್ರೆ ನನ್ ಕೋಳಿಗಳ ಗತಿ ಏನಕ್ಕ” ಎಂದಳು. ನನಗೆ ಆದ ಖುಷಿಯನ್ನು ಹೇಗೆ ಹೇಳಲಿ? ಅವತ್ತು ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡೆ. ಆಮೇಲೆ ಮನಸ್ಸಾದಾಗಲೆಲ್ಲ ಹಾಗೆ ಮಾಡಿದೆ. ಅವಳು ಹೂತಳು, ಮತ್ತೆ ನೆನೆಹಾಕಿದಳು, ಪ್ರತಿಸಲವೂ ನನಗೆ ಕೈ ಮುಗಿದಳು.

ಆಷಾಢ ಬಂತು. ಜಡಿ ಮಳೆ, ಬಿಸಿಲಿನ ಸುಳಿವಿಲ್ಲ, ಒಗೆದ ಬಟ್ಟೆ ಹಗ್ಗದ ಮೇಲೆಯೇ ಮುಗ್ಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ನಮ್ಮ ಯಜಮಾನರು ಆಮ್ಲೆಟ್ಟಿನ ಬಣ್ಣ ನೋಡಿ, “ಗೌರಿ ಕೈಗೆ ಕಲ್ ಕೊಟ್ರೂ ಚಿಗುರುತ್ತೆ ಬಿಡು. ನೀನಿಟ್ಟ ಗುಲಾಬಿ ಗಿಡ ನೋಡಿದ್ಯಾ, ಕಡ್ಡಿ ಆಗೋಯ್ತು” ಎಂದು ನಕ್ಕರು. ತಮಾಷೆಗೆ ಅಂದದ್ದು. ನಾನೂ ನಕ್ಕೆ. ನಕ್ಕು ಎದ್ದು ಬಂದರೆ ನಡುಬಾಗಿಲಲ್ಲಿ ಗೌರಿ, ಕೈಯಲ್ಲಿ ಮಂಕರಿ.

ಮೂಗು ಬಗ್ಗಿಸುವ ಮೊದಲೇ ವಾಸನೆ ಬಂತು. ಹುಳಿತ ಹಿಟ್ಟು, ಕೊಳೆತ ಹುಲ್ಲು ಎರಡೂ ಕೂಡಿದಂಥ ವಾಸನೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಬೂಷ್ಟು ಹಿಡಿದ ಆಹಾರ ಏನು ಮಾಡುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡಿದವಳು ನಾನು. ತಿಳಿಯದೆ ಆಯಿತು ಎನ್ನಲು ನನಗೆ ಬಾಯಿಲ್ಲ.

“ಚೆನ್ನಾಗಿದೆ. ಹಾಕು ಹೋಗು.”

ಅವಳು ಹೋಗಲಿಲ್ಲ. “ಮೋಡ ಕವುಚ್ಕೊಂಡೈತಲ್ಲ ಅಕ್ಕ, ಅದಕ್ಕೇ ಒಸಿ ಭಯ. ಇನ್ನೊಂದ್ಸಲ ನೋಡ್ತೀರಾ?”

“ಯಾಕೆ, ನನ್ ಮೇಲೆ ನಂಬಿಕೆ ಇಲ್ವಾ?”

“ಅಯ್ಯೋ, ಬುಡ್ತು ಅನ್ನಿ!” ಎಂದು ಕೆನ್ನೆ ಬಡಿದುಕೊಂಡು ಹೋದಳು. ಗೂಡಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಬ್ಬಾ ಬ್ಬಾ ಬ್ಬಾ ಎಂದು ಅವಳು ಕರೆದದ್ದೂ, ರೆಕ್ಕೆ ಬಡಿದುಕೊಂಡು ಅವು ಓಡಿ ಬಂದದ್ದೂ ಕೇಳಿಸಿತು. ಕೂಗಿ ನಿಲ್ಲಿಸಬಹುದಿತ್ತು, ಹತ್ತು ಹೆಜ್ಜೆ ದೂರವೂ ಇರಲಿಲ್ಲ. ನಾನು ತಿಂಡಿಯ ತಟ್ಟೆಗಳನ್ನು ತೊಳೆಯುತ್ತಿದ್ದೆ.

ಮಾರನೆಯ ದಿನ ಒಂದು ಹೇಟೆ ಮಂಕಾಗಿ ಮೂಲೆ ಹಿಡಿದಿತ್ತು. ಗೌರಿ ಅದೇ ಮಂಕರಿಯ ಉಳಿದರ್ಧ ಕಾಳು ತಂದು ಮತ್ತೆ ನನ್ನ ಮುಂದೆ ಹಿಡಿದಳು. ಮತ್ತೆ ಚೆನ್ನಾಗಿದೆ ಎಂದೆ. ಮೊದಲನೆಯ ದಿನದ್ದನ್ನು ಹೊಟ್ಟೆಕಿಚ್ಚು ಎನ್ನಿ, ಕೋಪ ಎನ್ನಿ, ಏನಾದರೂ ಹೆಸರಿಡಬಹುದು. ಎರಡನೆಯ ದಿನ ನನಗೆ ಕೋಪವೇ ಇರಲಿಲ್ಲ. ಏನಾಗುತ್ತದೋ ನೋಡೋಣ ಎನ್ನಿಸಿತ್ತು. ಇದಕ್ಕೆ ಯಾವ ಹೆಸರಿಡಬೇಕೋ ನನಗೆ ಇಂದಿಗೂ —

ನೋಡಿದೆ. ಕತ್ತು ಎತ್ತಲಾಗದೆ ಕೊಕ್ಕನ್ನು ನೆಲಕ್ಕೂರಿ ಕೂತವು. ರೆಕ್ಕೆ ಜೋತುಬಿದ್ದವು. ಹಸಿರು ನೀರಿನಂಥ ಹಿಕ್ಕೆ. ಕಾಂಪೌಂಡಿನ ಮೇಲೆ ನಿಂತು ಬೆಳಗಿನ ಜಾವ ನನ್ನ ನಿದ್ದೆ ಕೆಡಿಸುತ್ತಿದ್ದ ಹುಂಜ ಮಗ್ಗುಲಾಗಿ ಬಿದ್ದು ಕಾಲು ಜಾಡಿಸುತ್ತಿತ್ತು. ಒಂದು ತಾಯಿಕೋಳಿ ಸತ್ತ ಮೇಲೂ ಅದರ ಮರಿಗಳು ರೆಕ್ಕೆಯ ಅಡಿಗೆ ನುಗ್ಗಿ ನುಗ್ಗಿ ಜಾಗ ಹುಡುಕುತ್ತಿದ್ದವು, ಅವೂ ಸಂಜೆಯ ಹೊತ್ತಿಗೆ ತಣ್ಣಗಾದವು. ಗೌರಿ ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು ಚಮಚದಲ್ಲಿ ನೀರು ಬಿಡುತ್ತಿದ್ದಳು. ಪಶುವೈದ್ಯರ ಹತ್ತಿರ ಒಯ್ಯುತ್ತೇನೆ ಎಂದು ಎದ್ದವಳನ್ನು ನಾನೇ ತಡೆದೆ. ಕೋಳಿಗಳಿಗೆ ತಗಲುವ ಕೊಕ್ಕರೆ ರೋಗವೇ ಇರಬೇಕು, ಈ ಮಳೆಯಲ್ಲಿ ಯಾಕೆ ಅಲೆಯುತ್ತೀಯ ಎಂದೆ. ವೈದ್ಯರು ಮೊದಲು ಕೇಳುವುದೇ ಏನು ತಿನ್ನಿಸಿದಿರಿ ಎಂದು. ಆ ಭಯ ನನಗೆ.

ಕೊನೆಯದು ಅವಳ ಮಡಿಲಲ್ಲೇ ಸತ್ತಿತು. ತಲೆಯೆತ್ತಿ ನನ್ನನ್ನು ನೋಡಿ, “ಕಾಳೇನಾದ್ರೂ ಕೆಟ್ಟಿತ್ತಾ ಅಕ್ಕ?” ಎಂದು ಕೇಳಿದಳು. ಆಪಾದನೆಯಲ್ಲ, ಅನುಮಾನವೂ ಅಲ್ಲ, ತಿಳಿಯದೆ ಕೇಳಿದ್ದು. ಆಗಲಾದರೂ ಸುಮ್ಮನಿರಬಹುದಿತ್ತು.

“ನಾನೇ ಮೂಸಿ ಕೊಟ್ಟಿದ್ದೀನಲ್ಲ. ಕಾಳಿಂದ ಅಲ್ಲ ಕಣೆ ಗೌರಿ. ಕೈಗುಣ ಅಂತ ಒಂದಿರುತ್ತೆ. ನಾಗರಾಜನ್ನೂ ನೀನೇ ನೋಡ್ಕೋತೀನಿ ಅಂದೆ. ಏನಾಯ್ತು? ಕೆಲವರ ಕೈಲಿ ಜೀವ ನಿಲ್ಲಲ್ಲ.”

ಅವಳು ಅಳಲಿಲ್ಲ. ಚಮಚ ಕೆಳಗಿಟ್ಟು ಅಂಗೈಗಳನ್ನು ನೋಡಿಕೊಂಡಳು. ಕೋಳಿಗಳನ್ನು ಕೊಂದದ್ದು ಹುಳಿತ ಕಾಳು. ಅವಳನ್ನು ಕೊಂದದ್ದು ನನ್ನ ಈ ಮಾತು.

ಇಷ್ಟಕ್ಕೇ ಬಿಟ್ಟೆನೇ? ಇಲ್ಲ. ಎದುರುಮನೆಯ ಜಯಮ್ಮನಿಗೆ ಅದೇ ಮಾತನ್ನು ಅಯ್ಯೋ ಪಾಪ ಸೇರಿಸಿ ಹೇಳಿದೆ. ಜಯಮ್ಮನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತದೆ, ಅದು ಗೊತ್ತಿದ್ದೇ ಹೇಳಿದೆ. ಗಂಡ ಹೋದವಳೆಂದು ಶುಭಕಾರ್ಯಕ್ಕೆ ಹೇಗೂ ಕರೆಯುತ್ತಿರಲಿಲ್ಲ. ಈಗ ಬಸುರಿಯರು, ಕೂಸಿನ ತಾಯಂದಿರು ಎದುರು ಸಿಕ್ಕರೆ ದಾರಿ ಬದಲಿಸತೊಡಗಿದರು, ಅವಳ ಕೈಯ ಮೊಟ್ಟೆ ತಿಂದು ಮಕ್ಕಳನ್ನು ಹೆತ್ತವರು! ಗೌರಿಯೂ ಕೈ ಹಿಂದಕ್ಕೆ ಎಳೆದುಕೊಂಡಳು. ಗೂಡನ್ನು ಬಿಚ್ಚಿಸಿದಳು. ಗಿಡ ನೆಡುವುದು ಬಿಟ್ಟಳು, ಹಾಲಿಗೆ ಹೆಪ್ಪು ಹಾಕುವುದನ್ನೂ ಬಿಟ್ಟು, “ನೀವೇ ಹಾಕ್ಬುಡಿ ಅಕ್ಕ” ಎಂದು ಪಾತ್ರೆಯನ್ನು ನನ್ನ ಕಡೆಗೆ ತಳ್ಳತೊಡಗಿದಳು. ಮನೆ ಮತ್ತೆ ಟೀಚರಮ್ಮನ ಮನೆಯಾಯಿತು. ನನಗೆ ಬೇಕಾದದ್ದು ನನಗೆ ಸಿಕ್ಕಿತು.

ಈಗ ಕಾವ್ಯಳಿಗೆ ಹೆಣ್ಣುಮಗು. ಲಕ್ಷ್ಮೀಪುರಂನ ಗಂಡನ ಮನೆಯಿಂದ ಬಾಣಂತನಕ್ಕೆ ಇಲ್ಲಿಗೆ ಬಂದಿದ್ದಾಳೆ. ಮಗುವಿಗೆ ಎಣ್ಣೆ ನೀರು ಹಾಕಬೇಕಾದವಳು ತಾಯಿಯ ತಾಯಿ. ನಮ್ಮಲ್ಲಿ ಅದನ್ನು ಯಾರೂ ಹೇಳಿ ಮಾಡಿಸುವುದಿಲ್ಲ, ಅಜ್ಜಿ ತಾನೇ ಸೆರಗು ಕಟ್ಟಿ ಮಣೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಗೌರಿ ಕೂರಲಿಲ್ಲ. “ನಂಗ್ ಬೇಡ, ಅಕ್ಕ ಹಾಕ್ಲಿ” ಎಂದುಬಿಟ್ಟಳು. ಹಂಡೆಯ ಒಲೆಗೆ ಉರಿ ಹಾಕುತ್ತಾಳೆ, ನೀರು ಹದ ಮಾಡುತ್ತಾಳೆ, ಸಾಂಬ್ರಾಣಿಗೆ ಕೆಂಡ ತಂದಿಡುತ್ತಾಳೆ. ಆಮೇಲೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡುತ್ತಾಳೆ. ನನ್ನ ಕಾಲಿನ ಮೇಲೆ ಮಗು ಗುಂಡುಗುಂಡಾಗಿ ತುಂಬಿಕೊಳ್ಳುತ್ತಿದೆ. ಬಂದವರೆಲ್ಲ ಟೀಚರಮ್ಮನ ಕೈಗುಣ ಎನ್ನುತ್ತಾರೆ. ಅವಳೂ ಹೌದು ಎಂದು ತಲೆಯಾಡಿಸುತ್ತಾಳೆ.

ಮೊನ್ನೆ ಮಗುವನ್ನು ಒರೆಸುತ್ತಿದ್ದಾಗ ಅವಳು ಟವೆಲಿನ ತುದಿ ಸರಿಮಾಡಲು ಬಗ್ಗಿದಳು. ಮಗು ಅವಳ ಬೆರಳನ್ನು ಹಿಡಿದುಕೊಂಡಿತು. ಎಳೆ ಕೂಸಿನ ಹಿಡಿತ ನಿಮಗೆ ಗೊತ್ತಲ್ಲ, ಸುಲಭಕ್ಕೆ ಬಿಡುವುದಿಲ್ಲ. ಗೌರಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವಿನ ಅಂಗೈಯನ್ನು ಸೆರಗಿನಿಂದ ಒರೆಸಿದಳು. ಏನೋ ಅಂಟಿಬಿಟ್ಟಿದೆ ಎನ್ನುವ ಹಾಗೆ ಮತ್ತೆ ಮತ್ತೆ ಒರೆಸಿದಳು. ಮಗು ಅಳತೊಡಗಿತು. ಒಳಗೆ ಕಾವ್ಯಳೂ ಅಳುತ್ತಿದ್ದಳು. “ದೊಡ್ಡಮ್ಮ, ಅಮ್ಮ ನನ್ ಮಗೂನ ಇನ್ನೂ ಒಂದ್ಸಲಾನೂ ಎತ್ಕೊಂಡಿಲ್ಲ. ಹೆಣ್ಣು ಅಂತಾನಾ?”

ಅವತ್ತು ಮಧ್ಯಾಹ್ನವೇ ಹಿತ್ತಲಿಗೆ ಹೋದೆ. ಗೌರಿ ಒಲೆಗೆಂದು ತೆಂಗಿನ ಗರಿ ಮುರಿಯುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ. ಉಲ್ಟಾ ಸುಳ್ಳು, ಹುಳಿತ ಕಾಳು, ಎರಡನೆಯ ದಿನ, ಜಯಮ್ಮ, ಎಲ್ಲ. ಅವಳು ಗರಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ನಕ್ಕಳು.

“ಸಾಕು ಬುಡಿ ಅಕ್ಕ. ಕಾವ್ಯ ಅತ್ತಿದ್ದು ನಂಗೂ ಕೇಳಿಸ್ತು. ನಾನು ಮಗೂನ ಎತ್ಕೊಳ್ಲಿ ಅಂತ ನಿಮ್ ತಲೆ ಮೇಲೆ ಹಾಕ್ಕೊಂಡು ಹೇಳ್ತಿದೀರ. ನೀವು ಅಂಥೋರಲ್ಲ.”

“ಇಲ್ಲ ಕಣೆ, ಮಗೂ ಮೇಲೆ ಆಣೆ —”

ಅವಳು ಗಾಬರಿಯಿಂದ ಮುಂದೆ ಬಗ್ಗಿ ನನ್ನ ಬಾಯಿ ಮುಚ್ಚಿದಳು. ಮುಚ್ಚಿದ ಕೈಯನ್ನು ಅಷ್ಟೇ ಗಾಬರಿಯಿಂದ ಹಿಂದಕ್ಕೆಳೆದು, ನನ್ನ ತುಟಿಯನ್ನೂ ಸೆರಗಿನಿಂದ ಒರೆಸಿಬಿಟ್ಟಳು. “ಕೂಸಿನ್ ಮೇಲೆ ಯಾಕೆ ಆಣೆ ಇಡ್ತೀರ? ನಿಮ್ಮಂಥ ಅಕ್ಕ ಯಾರಿಗ್ ಸಿಗ್ತಾರೆ” ಎಂದು ಎದ್ದು, ಗರಿಯ ಕಂತೆ ಹೊತ್ತು ಒಳಗೆ ಹೋದಳು.

ನನ್ನ ಸುಳ್ಳನ್ನು ನಂಬಿದವಳು ನಿಜವನ್ನು ನಂಬಲಿಲ್ಲ. ಬಾಯಿಮಾತನ್ನು ಸಮಾಧಾನವೆಂದು ತಳ್ಳಿಹಾಕಿದಳು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಇವತ್ತೇ ಕಾವ್ಯಳ ಕೈಗೆ ಕೊಡುತ್ತೇನೆ, ಅವಳು ತಾಯಿಗೆ ಓದಿ ಹೇಳಲಿ. ಯಜಮಾನರೂ ಕೇಳಲಿ. ಜಯಮ್ಮನ ಮನೆಗೆ ನಾನೇ ಹೋಗುತ್ತೇನೆ, ಬೀದಿಗೆ ಮುಟ್ಟಿಸುವ ಕೆಲಸ ಅವಳದ್ದು. ಇನ್ನು ಮುಂದೆ ಈ ಗೇಟಿಗೆ ಯಾವ ಹೆಸರು ಬಂದರೂ ಬರಲಿ.

ಗೌರಿ, ಇಲ್ಲಿಂದ ಮುಂದಿನದನ್ನು ನಿನಗೆ ಹೇಳುತ್ತಿದ್ದೇನೆ. ನೀನು ತೆಂಗಿನ ಮರದ ಬುಡದಲ್ಲಿ ಮಳೆಯಲ್ಲಿ ನೆನೆಯುತ್ತಾ ಕೋಳಿಗಳಿಗೆ ಗುಂಡಿ ತೋಡುತ್ತಿದ್ದಾಗ ಮಂಕರಿ ತೊಳೆದವರು ಯಾರು? ನಾನು. ಅಲ್ಲಿಯವರೆಗೆ ಒಂದು ದಿನವೂ ಅದನ್ನು ಕೈಯಲ್ಲಿ ಮುಟ್ಟದವಳು ನಾನು. ಅಕ್ಕ ಎಷ್ಟು ಒಳ್ಳೆಯವರು ಎಂದೆಯಲ್ಲ. ತಳಕ್ಕೆ ಅಂಟಿ ಉಳಿದಿದ್ದ ಕಾಳನ್ನು ಚರಂಡಿಗೆ ಸುರಿದು, ಮಂಕರಿಗೆ ಕುದಿಯುವ ನೀರು ಹುಯ್ದು ಉಜ್ಜಿದೆ, ನಿಮ್ಮ ಭಾವನವರಿಗೆ ವಾಸನೆ ಸಿಗಬಾರದೆಂದು. ಒಳಗೆ ಹಾಸಿದ್ದ ಬಟ್ಟೆಯ ನಾತ ಎಷ್ಟು ಒಗೆದರೂ ಹೋಗಲಿಲ್ಲ, ಕಸದ ಗಾಡಿಗೆ ಹಾಕಿಬಿಟ್ಟೆ. ಅದು ನಾಗರಾಜನ ಹಳೆಯ ಪಂಚೆ. ನೀನು ಅದನ್ನು ಎಷ್ಟು ದಿನ ಹುಡುಕಿದೆ! ಗಾಳಿಗೆ ಹಾರಿಹೋಗಿರಬೇಕು ಎಂದೆ ನಾನು, ನಿನ್ನ ಜೊತೆ ಪಕ್ಕದ ಹಿತ್ತಲುಗಳಲ್ಲಿ ಹುಡುಕುವ ಹಾಗೆ ನಟಿಸಿದೆ. ಇದನ್ನು ಯಾರಾದರೂ ಸಮಾಧಾನಕ್ಕೆ ಕಟ್ಟಿ ಹೇಳುತ್ತಾರೆಯೇ?

ನಾನು ಅಂಥವಳೇ ಕಣೆ. ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆಯಿಂದ ಮಗುವಿಗೆ ನಾನು ನೀರು ಹಾಕುವುದಿಲ್ಲ. ನೀರು ಕಾದಿರುತ್ತದೆ, ಮಗು ಅಳುತ್ತಿರುತ್ತದೆ. ನಾನು ನನ್ನ ಬಾಗಿಲು ಮುಚ್ಚಿಕೊಂಡು ಒಳಗಿರುತ್ತೇನೆ. ನೀನೇ ಎತ್ತಿಕೊಳ್ಳಬೇಕು.